ಬ್ಯಾರಿಕೇಡಿನ ಈಚೆ ನಿಂತ ಗೇಟ್‌ಮನ್

ನನ್ನ ಅಪ್ಪ ರೈಲ್ವೆ ಗೇಟು ಕಾಯುವ ಕೆಲಸ ಮಾಡಿ ರಿಟೈರ್ ಆದವನು. ರಾಯಚೂರಿನಿಂದ ಯಾದಗಿರಿ ಕಡೆಗೆ ಹೋಗುವ ಹಳಿಯ ಮೇಲೆ, ಎರಡು ಹಳ್ಳಿಗಳ ನಡುವೆ, ಒಂದು ಬೇವಿನ ಮರ, ಒಂದು ಕೋಣೆ, ಒಂದು ಫೋನು ಇದ್ದ ಗೇಟು ಅದು. ಸ್ಟೇಷನ್ ಮಾಸ್ಟರ್ ಫೋನು ಮಾಡಿ ರೈಲು ಬಿಟ್ಟಿದೆ ಎಂದರೆ ಅಪ್ಪ ಗೇಟು ಹಾಕಿ ಕೀಲಿ ಜಡಿಯಬೇಕು. ಹಾಕಿದ ಮೇಲೆ ರೈಲು ದಾಟುವ ತನಕ ಯಾರೇ ಬಂದು ಕೇಳಿದರೂ ತೆಗೆಯುವ ಹಾಗಿಲ್ಲ. ಶಾಲೆಗೆ ರಜೆ ಇದ್ದಾಗ ಬುತ್ತಿ ಕೊಡಲು ಹೋಗಿ ನಾನು ಅಲ್ಲೇ ಕೂತು ನೋಡಿದ್ದೇನೆ. ಲಾರಿಯವರು, ಟ್ರ್ಯಾಕ್ಟರಿನವರು, ಮದುವೆಗೆ ಹೊರಟವರು ಎಲ್ಲರೂ ಅಪ್ಪನನ್ನು ಬೈಯುತ್ತಿದ್ದರು. ಅಪ್ಪ ಬಾವುಟ ಹಿಡಿದುಕೊಂಡು, ಬೈಸಿಕೊಳ್ಳುತ್ತಿರುವವನು ಬೇರೆ ಯಾರೋ ಎನ್ನುವ ಹಾಗೆ ಹಳಿಯ ಕಡೆ ಮುಖ ಮಾಡಿ ನಿಂತಿರುತ್ತಿದ್ದ.

ಅವ್ವ ತೀರಿಕೊಂಡ ಮೇಲೆ ಅಪ್ಪ ಹೈದರಾಬಾದಿಗೆ ನಮ್ಮ ಮನೆಗೆ ಬಂದ. ಕಾಚಿಗೂಡದಲ್ಲಿ ಇಳಿದಾಗ ಅವನ ಕೈಯಲ್ಲಿ ಒಂದು ಟ್ರಂಕು, ಒಂದು ಕಂಬಳಿ, ಅಷ್ಟೇ. ನಾನು ಸಿಕಂದರಾಬಾದಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಗಂಡ ಗಚ್ಚಿಬೌಲಿಯಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ಇಬ್ಬರಿಗೂ ಅಷ್ಟಿಷ್ಟು ಅನುಕೂಲವಾಗಲಿ ಎಂದು ಬಂಜಾರಾ ಹಿಲ್ಸ್‌ನ ಇಳಿಜಾರಿನಲ್ಲಿ, ದೊಡ್ಡ ಬಂಗಲೆಗಳ ಹಿಂಬದಿಯ ಒಂದು ಬೀದಿಯಲ್ಲಿ, ಹಳೆಯ ಮೂರು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದ್ದೆವು. ಆ ಬೀದಿಗೆ ಒಂದೇ ಬಾಯಿ. ಒಳಗೆ ಬಂದವರು ಬಂದ ದಾರಿಯಲ್ಲೇ ಹೊರಗೆ ಹೋಗಬೇಕು.

ಅಪ್ಪ ಬಂದು ಒಂದು ವರ್ಷವಾಗುವಷ್ಟರಲ್ಲಿ ಎದುರಿನ ಬಂಗಲೆಗೆ ದೊಡ್ಡವರೊಬ್ಬರು ಬಂದರು. ಸರಕಾರದಲ್ಲಿ ಅವರದು ಭಾರಿ ಸ್ಥಾನ. ಅವರು ಬರುವ ಒಂದು ವಾರ ಮುಂಚೆಯೇ ಬೀದಿಯ ಬಾಯಿಗೆ ಹಳದಿ ಬ್ಯಾರಿಕೇಡುಗಳು ಬಂದವು, ಗೋಡೆಯ ಪಕ್ಕ ಮರಳಿನ ಚೀಲಗಳು ಬಂದವು, ಒಂದು ಟೆಂಟು ಎದ್ದಿತು. ಮೊದಲ ದಿನ ನಮಗೆಲ್ಲ ಒಂಥರಾ ಹೆಮ್ಮೆಯೇ ಆಗಿತ್ತು. ಇನ್ನು ಕಳ್ಳರ ಕಾಟವಿಲ್ಲ, ಬೀದಿದೀಪ ಕೆಡುವುದಿಲ್ಲ, ನೀರು ಸರಿಯಾಗಿ ಬರುತ್ತದೆ ಎಂದು ಮಾತಾಡಿಕೊಂಡೆವು. ದೀಪ, ನೀರು ಸರಿಯಾದದ್ದು ನಿಜ. ಆದರೆ ತಿಂಗಳೊಳಗೆ ತರಕಾರಿ ಬಂಡಿ ನಿಂತಿತು. ಆಟೋದವರು ಬ್ಯಾರಿಕೇಡಿನ ಹತ್ತಿರವೇ ಇಳಿಸಿ ಹೋಗತೊಡಗಿದರು. ಗ್ಯಾಸ್ ಸಿಲಿಂಡರಿನವನು ಫೋನು ಮಾಡಿ, ಮೇನ್ ರೋಡಿಗೆ ಬಂದು ಒಯ್ಯಿರಿ ಎಂದ. ಬಂಗಲೆಗೆ ಎದುರಾದ ನಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕಬೇಡಿ ಎಂದರು. ಮನೆಗೆ ನೆಂಟರು ಬಂದರೆ ನಾವೇ ಕೆಳಗೆ ಹೋಗಿ, ಇವರು ನಮ್ಮವರು ಎಂದು ಹೇಳಿ ಕರೆತರಬೇಕು. ದೊಡ್ಡವರ ಗಾಡಿಗಳು ಹೊರಡುವ ಮುಂಚೆ ಬೀದಿ ಪೂರ್ತಿ ಬಂದ್. ಅದು ಯಾವಾಗ ಎಂದು ಯಾರಿಗೂ ಹೇಳುವುದಿಲ್ಲ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಕೆಳಗಿಳಿದರೆ ಕಾನ್‌ಸ್ಟೆಬಲ್ ಕೈ ಅಡ್ಡ ಹಿಡಿಯುತ್ತಿದ್ದ. ಹದಿನೈದು ನಿಮಿಷವೂ ಆಗಬಹುದು, ಮುಕ್ಕಾಲು ತಾಸೂ ಆಗಬಹುದು. ಶಾಲೆಯಲ್ಲಿ ನನ್ನ ಮೊದಲ ಪಿರಿಯಡ್ಡಿಗೆ ಬೇರೆಯವರನ್ನು ಕಳಿಸಿ ಕಳಿಸಿ ಹೆಡ್‌ಮಿಸ್ ಬೇಸತ್ತಿದ್ದರು.

ಇಡೀ ಬೀದಿಯಲ್ಲಿ ಸಿಟ್ಟಾಗದ ಮನುಷ್ಯ ಅಪ್ಪ ಒಬ್ಬನೇ. ಬೆಳಿಗ್ಗೆ ಸ್ನಾನ ಮುಗಿಸಿ ಕೆಳಗಿಳಿದು ಬ್ಯಾರಿಕೇಡಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ಅಲ್ಲಿ ಡ್ಯೂಟಿಯಲ್ಲಿದ್ದ ಒಬ್ಬ ಕಾನ್‌ಸ್ಟೆಬಲ್ ಗದ್ವಾಲದವನು. ನಮ್ಮ ರಾಯಚೂರಿಗೆ ಗದ್ವಾಲ ಹತ್ತಿರವೇ ಆದ್ದರಿಂದ ಅವನಿಗೆ ತೆಲುಗು ಬೆರೆಸಿದ ಕನ್ನಡ ಬರುತ್ತಿತ್ತು. ಅಪ್ಪನಿಗೆ ಅಷ್ಟೇ ಸಾಕಾಯಿತು. ಸಂಜೆ ನಾನು ಮನೆಗೆ ಬರುವಾಗ ಒಮ್ಮೊಮ್ಮೆ ಇಬ್ಬರೂ ಮಾತಾಡುತ್ತ ನಿಂತಿರುವುದು ಕಾಣುತ್ತಿತ್ತು. ನನಗೆ ಅದು ಸರಿಬರಲಿಲ್ಲ. ನಮ್ಮನ್ನು ದಿನಾ ತಡೆದು ನಿಲ್ಲಿಸುವವರ ಜೊತೆ ನನ್ನ ಅಪ್ಪ ನಗುತ್ತ ನಿಂತರೆ ಅಪಾರ್ಟ್‌ಮೆಂಟಿನವರು ಏನಂದುಕೊಂಡಾರು ಎಂಬ ಸಂಕೋಚ.

ಒಂದು ದಿನ ಹೇಳಿಯೂ ಬಿಟ್ಟೆ. "ಅಪ್ಪಾ, ನೀ ಅಲ್ಲಿ ಹೋಗಿ ನಿಂದ್ರಬ್ಯಾಡ. ಅವರಿಂದ ನಮಗೆಷ್ಟು ತ್ರಾಸ ಆಗಾಕತ್ತೈತಿ ನಿನಗ ಕಾಣೂದಿಲ್ಲೇನು?"

"ಕಾಣ್ತೈತಿ ಯವ್ವಾ," ಎಂದ ಅಪ್ಪ. "ಆದ್ರ ಗೇಟು ಹಾಕು ಅಂದವ್ರು ಬ್ಯಾರೆ, ಹಾಕಿ ನಿಂತಾವ ಬ್ಯಾರೆ. ಬೈಸಿಕೊಳ್ಳಾವ ಮಾತ್ರ ನಿಂತಾವ. ಮುಂಜಾನಿಂದ ಆ ಬಿಸಲಾಗ ನಿಂತಾನ, ಒಬ್ರರ ನೀರು ಬೇಕೇನಪ ಅಂತ ಕೇಳ್ಯಾರೇನು?"

ನಾನಂತೂ ಒಂದು ದಿನವೂ ಕೇಳಿರಲಿಲ್ಲವಲ್ಲ.

ಅಪ್ಪ ಅಲ್ಲಿ ಬರೀ ಹರಟೆ ಹೊಡೆಯುತ್ತಿರಲಿಲ್ಲ, ನೋಡುತ್ತಿದ್ದ ಎಂಬುದು ಕೆಲವು ವಾರಗಳ ನಂತರ ತಿಳಿಯಿತು. ದೊಡ್ಡವರು ಹೊರಡುವ ಮುಂಚೆ ಏನೇನು ನಡೆಯುತ್ತದೆ ಎಂಬುದನ್ನು ಅವನು ಗುರುತು ಮಾಡಿಕೊಂಡಿದ್ದ. ಮೊದಲು ಬಾಂಬು ಮೂಸುವ ಪೊಲೀಸ್ ನಾಯಿಯ ವ್ಯಾನು ಬರುತ್ತದೆ. ಆಮೇಲೆ ಒಬ್ಬ ಉದ್ದನೆಯ ಕೋಲಿಗೆ ಕಟ್ಟಿದ ಕನ್ನಡಿ ಹಿಡಿದು, ನಿಲ್ಲಿಸಿದ ಕಾರುಗಳ ಅಡಿಯಲ್ಲಿ ನೋಡುತ್ತ ಹೋಗುತ್ತಾನೆ. ಆಮೇಲೆ ಟೆಂಟಿನ ಮುಂದಿನ ಕುರ್ಚಿಗಳನ್ನು ಒಳಗಿಡುತ್ತಾರೆ. ಕುರ್ಚಿ ಒಳಗೆ ಹೋದವೆಂದರೆ ಅರ್ಧ ತಾಸಿನೊಳಗೆ ಬೀದಿ ಬಂದ್. ಅಪ್ಪ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಾಗಿಲಿಗೂ ಹೇಳತೊಡಗಿದ: "ಹೊಂಡೋರಿದ್ರ ಈಗ ಹೊಂಡ್ರಿ. ಇನ್ನರ್ಧ ತಾಸಿನಾಗ ಬಂದ್ ಆಗ್ತೈತಿ."

ಅದು ತಪ್ಪುತ್ತಿರಲಿಲ್ಲ. ಜನ ಮೊದಲು ನಕ್ಕರು, ಆಮೇಲೆ ನಂಬಿದರು. ನಾನು ತಿಂಡಿ ಅರ್ಧಕ್ಕೆ ಬಿಟ್ಟು ಓಡಿ ಬಸ್ಸು ಹಿಡಿದ ದಿನಗಳಿವೆ. ಮೊದಲ ಮಹಡಿಯ ಖಾಲಾ ಬೆಳಿಗ್ಗೆ ಬಾಲ್ಕನಿಯಿಂದಲೇ ಕೂಗಿ ಕೇಳುತ್ತಿದ್ದರು: "ಕ್ಯಾ ಭಾಯಿಸಾಬ್, ಆಜ್ ರಸ್ತಾ ಬಂದ್ ಹೈ ಕ್ಯಾ?" ಅವರು ಉರ್ದು ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವರು. ಮಗಳ ಜೊತೆ ಇರುತ್ತಿದ್ದರು. ಇಡೀ ಅಪಾರ್ಟ್‌ಮೆಂಟಿಗೇ ಅವರು ಖಾಲಾ, ಎಂದರೆ ಚಿಕ್ಕಮ್ಮ. ಅಪ್ಪನಿಗೆ ಉರ್ದು ಅರ್ಧಂಬರ್ಧ, ಅವರಿಗೆ ಕನ್ನಡ ಬಾರದು, ಆದರೂ ಇಬ್ಬರಿಗೂ ಮಾತಿಗೆ ಬರವಿರಲಿಲ್ಲ. ಸೊಂಟನೋವು, ಈರುಳ್ಳಿ ಬೆಲೆ, ಹಳೆಯ ಕಾಲದ ಶಾಲೆಗಳು, ಎಲ್ಲ ಬಂದು ಹೋಗುತ್ತಿದ್ದವು.

ಹೀಗೆ ನಡೆಯುತ್ತಿರುವಾಗ ಒಂದು ಸಂಜೆ ಸಫಾರಿ ತೊಟ್ಟ ಭದ್ರತೆಯ ಅಧಿಕಾರಿಯೊಬ್ಬರು ನಮ್ಮ ಮನೆಯ ಬೆಲ್ಲು ಒತ್ತಿದರು. ಹಿಂದೆ ಇನ್ನೊಬ್ಬ. ಸೌಜನ್ಯದಿಂದಲೇ ಕೂತರು, ನೀರು ಕುಡಿದರು, ಆಮೇಲೆ ಹಿಂದಿಯಲ್ಲಿ ಕೇಳಿದರು: ಸಾಹೇಬರು ಹೊರಡುವ ಹೊತ್ತನ್ನು ನಿಮ್ಮ ತಂದೆ ಮುಂಚಿತವಾಗಿ ಜನರಿಗೆ ಹೇಳುತ್ತಾರಂತೆ, ಅವರಿಗೆ ಅದು ಯಾರಿಂದ ತಿಳಿಯುತ್ತದೆ? ನನ್ನ ಗಂಡನ ಮುಖ ಬಿಳಿಚಿತು. ಗದ್ವಾಲದ ಕಾನ್‌ಸ್ಟೆಬಲ್ಲೇ ಹೇಳುತ್ತಾನೆಂದು ಅವರ ಅನುಮಾನ ಎಂಬುದು ಪ್ರಶ್ನೆಯಲ್ಲೇ ಇತ್ತು.

ಅಪ್ಪ ಒಂದಿಷ್ಟೂ ಅಳುಕಲಿಲ್ಲ. ನಾಯಿ ವ್ಯಾನು, ಕನ್ನಡಿ, ಕುರ್ಚಿ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ನಾನು ಹಿಂದಿಗೆ ಮಾಡಿ ಹೇಳಿದೆ. "ಆ ಹುಡುಗ ನನಗೇನೂ ಹೇಳಿಲ್ರಿ. ಕೇಳಿದ್ರ ಹೇಳಂಗಿಲ್ಲ ಅಂತ ನನಗ ಗೊತ್ತೈತಿ, ಅದಕ್ಕ ನಾ ಕೇಳೂ ಇಲ್ಲ. ಕಣ್ಣಿಗೆ ಕಂಡಿದ್ದು ನೋಡೀನ್ರಿ."

ಅಧಿಕಾರಿ ಕಿಟಕಿಯ ಹತ್ತಿರ ಹೋಗಿ ಟೆಂಟಿನ ಕಡೆ ನೋಡಿದರು. ಬಳಿಕ, ನೀವು ಒಳ್ಳೆಯದಕ್ಕೇ ಮಾಡಿರಬಹುದು, ಆದರೆ ನೀವು ಕಂಡದ್ದನ್ನು ಕೆಟ್ಟ ಮನುಷ್ಯನೂ ಕಾಣಬಹುದು, ದಯವಿಟ್ಟು ನಿಲ್ಲಿಸಿ ಎಂದರು.

"ಅದೂ ಖರೇನ ಐತಿ," ಎಂದ ಅಪ್ಪ. ಮರುದಿನದಿಂದ ನಿಲ್ಲಿಸಿಬಿಟ್ಟ. ಖಾಲಾ ಬಾಲ್ಕನಿಯಿಂದ ಕೇಳಿದರೂ ಕೈ ಮುಗಿದು ನಕ್ಕು ಒಳಗೆ ಬಂದ. ಅಪಾರ್ಟ್‌ಮೆಂಟಿನ ಕೆಲವರು, ಮುದುಕ ಹೆದರಿಬಿಟ್ಟ ಎಂದರು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಆ ಭಾನುವಾರ ಬಂತು. ದೆಹಲಿಯಿಂದ ಇನ್ನೂ ದೊಡ್ಡವರು ಎದುರಿನ ಬಂಗಲೆಗೆ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆ ಒಂಬತ್ತಕ್ಕೇ ಬೀದಿ ಬಂದ್. ನಮ್ಮ ತಾರಸಿಯ ಮೇಲೆ ಬಂದೂಕು ಹಿಡಿದ ಇಬ್ಬರು ನಿಂತಿದ್ದರು. ನಾನು ಹತ್ತೂವರೆ ಸುಮಾರಿಗೆ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ಕೆಳಗಿನಿಂದ ಖಾಲಾರ ಮಗಳು ಕಿರುಚಿದ್ದು ಕೇಳಿಸಿತು.

ಓಡಿ ಹೋದೆವು. ಖಾಲಾ ಊಟದ ಮೇಜಿನ ಪಕ್ಕ ನೆಲದ ಮೇಲೆ ಕುಸಿದಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಎಡಗೈ ಎತ್ತಲು ಆಗುತ್ತಿರಲಿಲ್ಲ. ಏನೋ ಹೇಳಲು ನೋಡುತ್ತಿದ್ದರು, ಮಾತು ಮಾತಾಗಿ ಬರುತ್ತಿರಲಿಲ್ಲ. ಲಕ್ವ ಎಂದು ನನಗೆ ತಕ್ಷಣ ಗೊತ್ತಾಯಿತು. ಇಂಥದ್ದರಲ್ಲಿ ಒಂದೊಂದು ನಿಮಿಷವೂ ಮುಖ್ಯ ಎಂಬುದೂ ಗೊತ್ತಿತ್ತು. ಮಗಳು ಆಂಬುಲೆನ್ಸಿಗೆ ಫೋನು ಮಾಡಿದ್ದಳು. ಅದು ಬೇಗನೆ ಬಂದೂ ಇತ್ತು, ಆದರೆ ಮೇನ್ ರೋಡಿನಲ್ಲಿ, ಬ್ಯಾರಿಕೇಡಿನ ಆಚೆ ನಿಂತುಬಿಟ್ಟಿತ್ತು. ಒಳಗೆ ಯಾವ ಗಾಡಿಯನ್ನೂ ಬಿಡುವುದಿಲ್ಲವಂತೆ.

ನನ್ನ ಗಂಡ ಕಾರು ತೆಗೆದು ಬ್ಯಾರಿಕೇಡಿನ ತನಕ ಹೋಗಿ, ಇಳಿದು, ಪೊಲೀಸರ ಜೊತೆ ಜಗಳಕ್ಕೆ ನಿಂತರು. ಅಪಾರ್ಟ್‌ಮೆಂಟಿನ ಇನ್ನೂ ನಾಲ್ಕೈದು ಜನ ಸೇರಿದರು. ಮನುಷ್ಯರೇನ್ರಿ ನೀವು, ಒಂದು ಜೀವ ಹೋಗುತ್ತಿದೆ, ಗೇಟು ತೆಗೆಯಿರಿ ಎಂದು ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದರು. ಗದ್ವಾಲದವನೂ ಅವನ ಜೊತೆಗಿದ್ದವನೂ ಬ್ಯಾರಿಕೇಡಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ಮುಖ ಕಲ್ಲಾಗಿತ್ತು. ನಾನು ಖಾಲಾರ ಬಾಲ್ಕನಿಯಿಂದ ಇದನ್ನೆಲ್ಲ ನೋಡುತ್ತಿದ್ದೆ.

ಆಗ ಅಪ್ಪ ಖಾಲಾರ ಮನೆಯೊಳಗಿಂದಲೇ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದ. ಕೈಗಳಿದ್ದ ಗಟ್ಟಿ ಕುರ್ಚಿ. "ಯವ್ವಾ, ಒಂದು ಸೀರಿ ತಾ, ಕಟ್ಟಬೇಕು," ಎಂದ. ನಾನು, ಖಾಲಾರ ಮಗಳು ಸೇರಿ ಖಾಲಾರನ್ನು ಕೂರಿಸಿ, ಜಾರದ ಹಾಗೆ ಸೀರೆಯಿಂದ ಎದೆಯ ಸುತ್ತ ಕಟ್ಟಿದೆವು. ವಾಚ್‌ಮನ್ ಬಂದ. ಅಪ್ಪನೂ ಸೇರಿ ನಾಲ್ವರೂ ಕುರ್ಚಿ ಹಿಡಿದು ಮೆಟ್ಟಿಲಿಳಿದು ಬೀದಿಗೆ ಬಂದೆವು. ಬ್ಯಾರಿಕೇಡು ಹತ್ತಿರವಾಗುತ್ತಿದ್ದಂತೆ ಅಪ್ಪ ತಾನು ಹಿಡಿದಿದ್ದ ಕುರ್ಚಿಯ ಕಾಲನ್ನು ಅಲ್ಲಿ ನಿಂತಿದ್ದ ಪಕ್ಕದ ಮನೆಯವರ ಕೈಗೆ ಕೊಟ್ಟು ಮುಂದೆ ಹೋದ. ಮೊದಲು ನನ್ನ ಗಂಡನ ಭುಜ ಮುಟ್ಟಿದ.

"ಅಳಿಯಂದ್ರ, ಸ್ವಲ್ಪ ತಡೀರಿ. ಗಾಡಿ ಬಿಡು ಅಂತ ಕೇಳಬ್ಯಾಡ್ರಿ. ಅದು ಅವನ ಕೈಯಾಗಿಲ್ಲ."

ಆಮೇಲೆ ಗದ್ವಾಲದವನ ಕಡೆ ತಿರುಗಿ, ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದ. "ತಮ್ಮಾ, ನಿನಗ ಗೇಟು ತೆಗಿ ಅನ್ನಂಗಿಲ್ಲ ನಾ. ಕಾಲ್ನಡಿಗ್ಯಾಗ ದಾಟ್ತೀವಿ. ನಿಮ್ಮ ಸಾಹೇಬ್ರಿಗೆ ಸೆಟ್‌ನ್ಯಾಗ ಹಿಂಗ ಹೇಳು: ಒಂದು ಹೆಣ್ಮಗಳು, ವಯಸ್ಸಾದಾಕಿ, ಲಕ್ವ ಹೊಡದೈತಿ. ಕುರ್ಚಿ ಮ್ಯಾಲ ಅದಾಳ. ಕುರ್ಚಿ ಹಿಡಿದವ್ರು ನಾಕ ಮಂದಿ. ಗಾಡಿ ಇಲ್ಲ, ಚೀಲ ಇಲ್ಲ. ಆ ಕಡಿ ಆಂಬುಲೆನ್ಸ್ ನಿಂತೈತಿ. ಇಷ್ಟ ಹೇಳಿ, ಬಿಡಲೋ ಬ್ಯಾಡೋ ಅಂತ ಕೇಳು. ಹೂಂ ಅಂದ್ರ ಆ ಹೂಂ ಅವರದು, ನಿನ್ನ ಮ್ಯಾಲ ಬರಂಗಿಲ್ಲ."

ಅಲ್ಲಿಯ ತನಕ ಯಾರೂ ಆ ಹುಡುಗನಿಗೆ ಹೇಳಲು ಒಂದು ವಾಕ್ಯ ಕೊಟ್ಟಿರಲಿಲ್ಲ. ಎಲ್ಲರೂ ಕೊಟ್ಟದ್ದು ಬೈಗುಳ. ಅವನು ವೈರ್‌ಲೆಸ್ ಸೆಟ್ಟು ಬಾಯಿಗೆ ಹಿಡಿದು, ಅಪ್ಪ ಹೇಳಿದ್ದನ್ನೇ ತೆಲುಗಿನಲ್ಲಿ, ಅದೇ ಕ್ರಮದಲ್ಲಿ ಹೇಳಿದ. ಸೆಟ್ಟು ಗರಗರ ಎಂದಿತು, ನಿಂತಿತು. ಖಾಲಾರ ತಲೆ ನನ್ನ ತೋಳಿಗೆ ಒರಗಿತ್ತು. ಅವರ ಉಸಿರು ನನ್ನ ಕೈಗೆ ತಾಗುತ್ತಿತ್ತು. ಆಮೇಲೆ ಸೆಟ್ಟಿನಿಂದ ಒಂದೇ ಮಾತು ಬಂತು: "ಪಂಪಿಂಚು." ಕಳಿಸು.

ಬ್ಯಾರಿಕೇಡು ಒಬ್ಬ ಮನುಷ್ಯ ನುಸುಳುವಷ್ಟೇ ಸರಿಯಿತು. ಕುರ್ಚಿ ಹಿಡಿಸಲಿಲ್ಲ. ಗದ್ವಾಲದವನು ಬಂದೂಕನ್ನು ಬೆನ್ನಿಗೆ ಹಾಕಿಕೊಂಡು, ಜೊತೆಗಾರನಿಗೆ ಏನೋ ಕೂಗಿ ಹೇಳಿ, ಇನ್ನಷ್ಟು ಎಳೆದ. ಅಷ್ಟಕ್ಕೇ ಬಿಡಲಿಲ್ಲ. ವಾಚ್‌ಮನ್ ಸುಸ್ತಾಗಿದ್ದನ್ನು ನೋಡಿ ಕುರ್ಚಿಯ ಒಂದು ಕಾಲು ತಾನೇ ಹಿಡಿದ. ಮೇನ್ ರೋಡಿನ ತನಕ ಓಡುನಡಿಗೆಯಲ್ಲಿ ಹೋದೆವು. ಅಲ್ಲಿದ್ದ ಪೊಲೀಸರು ಖಾಲಿ ರಸ್ತೆಯಲ್ಲೇ ಆಂಬುಲೆನ್ಸನ್ನು ತಿರುಗಿಸಿ, ದೊಡ್ಡವರ ಗಾಡಿಗಳ ಕಾನ್ವಾಯ್ ಬರುವ ದಿಕ್ಕಿಗೆ ಬೆನ್ನು ಹಾಕಿ ಕಳಿಸಿದರು. ಮಗಳು ಜೊತೆಗೆ ಹತ್ತಿದಳು. ಬಾಗಿಲು ಹಾಕಿಕೊಂಡಿತು. ನಾನು ರಸ್ತೆಯ ಅಂಚಿನಲ್ಲಿ ಕೂತುಬಿಟ್ಟೆ. ನನ್ನ ಕೈಗೆಲ್ಲ ಇನ್ನೂ ಹಿಟ್ಟು ಅಂಟಿತ್ತು.

ಸಂಜೆ ಆಸ್ಪತ್ರೆಯಿಂದ ಫೋನು ಬಂತು. ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಡಾಕ್ಟರು ಹೇಳಿದರಂತೆ. ಇಂಜೆಕ್ಷನ್ ಕೊಟ್ಟಿದ್ದಾರೆ, ಬಾಯಿ ಸ್ವಲ್ಪ ನೆಟ್ಟಗಾಗಿದೆ, ಮಗಳನ್ನು ಗುರುತಿಸಿದರು. ಅಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿ ಚಹಾ ಕೇಳಿದ. ನಾನು ಚಹಾ ಕೊಟ್ಟು ಎದುರು ಕೂತೆ.

"ಅಪ್ಪಾ, ನಾವೆಲ್ಲರೂ ಗೇಟು ತೆಗೀರಿ ತೆಗೀರಿ ಅಂತ ಒದರಾಕತ್ತಿದ್ವಿ. ಕುರ್ಚಿ ಮ್ಯಾಲ ಹೊತ್ಕೊಂಡು ಹೋಗೂದು ನಿನಗ ಹ್ಯಾಂಗ ಹೊಳೀತು?"

ಅಪ್ಪ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದ. ಆಮೇಲೆ ಹೇಳಿದ. ನಾನು ಹುಟ್ಟುವ ಮೊದಲಿನ ಮಾತಂತೆ. ಹೊಸದಾಗಿ ಆ ಗೇಟಿಗೆ ಬಂದಿದ್ದ. ಮಧ್ಯಾಹ್ನ, ಗೂಡ್ಸ್ ಗಾಡಿ ಬರುವುದಿತ್ತು, ಗೇಟು ಹಾಕಿದ್ದ. ಗೂಡ್ಸು ಯಾಕೋ ದೂರದ ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿತು. ಅಷ್ಟರಲ್ಲಿ ಒಂದು ಜೀಪು ಬಂತು. ಅದರಲ್ಲಿ ಹೊಲದಲ್ಲಿ ಹಾವು ಕಚ್ಚಿದ ಒಬ್ಬ ಹುಡುಗಿ ತಾಯಿಯ ತೊಡೆಯ ಮೇಲೆ ಮಲಗಿದ್ದಳು. ಗೇಟು ತೆಗಿ ಎಂದು ಅವರು ಕೂಗಿದರು, ಅತ್ತರು, ಒಬ್ಬ ಅಪ್ಪನ ಅಂಗಿ ಹಿಡಿದ. ಅಪ್ಪ ತೆಗೆಯಲಿಲ್ಲ.

"ತೆಗೀಲಿಲ್ಲ ಅನ್ನೋದು ತಪ್ಪಲ್ಲ ಯವ್ವಾ. ತೆಗದಿದ್ರ, ಗಾಡಿ ಬಂದಿದ್ರ, ಎಷ್ಟು ಮಂದಿ ಹೋಗ್ತಿದ್ರೋ. ಆದ್ರ ಆ ಕಡಿ ಒಂದು ಬಸ್ ನಿಂತಿತ್ತು. ಖಾಲಿ ಬಸ್. ಹುಡುಗಿನ್ನ ಎತ್ಗೊಂಡು ಬಾಜೂಕ ಮಂದಿ ನಡದು ದಾಟೋ ಸಣ್ಣ ಗೇಟಿನಾಗ ದಾಟ್ರಿ, ಬಸ್ ತಿರುಗಿಸಿಕೊಂಡು ಹೋಗ್ರಿ ಅಂತ ಹೇಳಾಕ ನನಗ ಬುದ್ಧಿ ಬರಲಿಲ್ಲ. ಅವರಿಗೂ ಹೊಳೀಲಿಲ್ಲ. ಎಲ್ಲಾರೂ ಗೇಟು ಒಂದ ನೋಡಾಕತ್ತಿದ್ವಿ."

"ಆಕಿ ಉಳದಳೇನು?"

"ಗೊತ್ತಿಲ್ಲ. ಯಾವ ಊರಿನವರು ಅಂತ ಬಸ್ಸಿನವ್ರಿಗೆ ಕೇಳೀನಿ, ಸಂತ್ಯಾಗ ಕೇಳೀನಿ. ಗೊತ್ತಾಗಲಿಲ್ಲ."

ಅಪ್ಪ ಇದನ್ನು ಅವ್ವನಿಗೂ ಹೇಳಿರಲಿಲ್ಲವಂತೆ. ಬೈಗುಳದ ಮುಂದೆ ಅಷ್ಟು ತಣ್ಣಗೆ ನಿಲ್ಲುತ್ತಿದ್ದ ಈ ಮನುಷ್ಯ ಇಷ್ಟು ವರ್ಷ ಒಂದು ಜೀಪನ್ನು ಒಳಗಿಟ್ಟುಕೊಂಡಿದ್ದ ಎಂಬುದು ನನಗೆ ತಿಳಿದದ್ದು ಅವತ್ತು. ನಾನು ಅವನ ಕೈಯಿಂದ ಖಾಲಿ ಬಸಿ ತೆಗೆದುಕೊಂಡು, ಇನ್ನಷ್ಟು ಚಹಾ ಹಾಕಿದೆ.

ಮುಂದಿನ ವಾರ ಅದೇ ಸಫಾರಿಯ ಅಧಿಕಾರಿ ಮತ್ತೆ ಬಂದರು. ಈ ಸಲ ಬೆಲ್ಲು ಒತ್ತಲಿಲ್ಲ, ಅಪ್ಪನನ್ನು ಕೆಳಗೇ ಹುಡುಕಿಕೊಂಡು ಹೋದರು. ಕಾನ್‌ಸ್ಟೆಬಲ್ಲಿಗೆ ಇದರಿಂದ ಏನಾದರೂ ತೊಂದರೆಯಾದೀತೇ ಎಂದು ನಾನು ಹೆದರಿಕೊಂಡೇ ಜೊತೆಗೆ ಹೋದೆ. ಅವರು ಕೇಳಿದ್ದು ಬೇರೆಯೇ. ಬೀದಿ ಬಂದ್ ಇದ್ದಾಗ ಏನು ಬಿಡಬಹುದು, ಏನು ಬಿಡಬಾರದು ಎಂದು ನಿಮಗೆ ಅನಿಸುತ್ತದೆ ಎಂದು. ಅಪ್ಪ ಗೋಡೆಯ ಪಕ್ಕಕ್ಕೆ ಹೋಗಿ ಎರಡೂ ತೋಳು ಚಾಚಿ ತೋರಿಸಿದ. ಒಂದು ಕುರ್ಚಿ ದಾಟುವಷ್ಟು ಜಾಗ. ಅಲ್ಲಿ ಒಬ್ಬ ಕಾವಲಿರಲಿ, ನೋಡಿ, ತಪಾಸಣೆ ಮಾಡಿ ಬಿಡಲಿ, ಆದರೆ ಜಾಗ ಮಾತ್ರ ಯಾವತ್ತೂ ಮುಚ್ಚದಿರಲಿ ಎಂದ.

ಅದಾದ ಹತ್ತು ದಿನಕ್ಕೆ ಬ್ಯಾರಿಕೇಡುಗಳನ್ನು ಸರಿಸಿ ಗೋಡೆಯ ಬದಿಯಲ್ಲಿ ಕಾಲ್ದಾರಿ ಬಿಟ್ಟರು. ಕಾನ್ವಾಯ್ ಹೊರಡುವ ಕೆಲವೇ ನಿಮಿಷಗಳನ್ನು ಬಿಟ್ಟರೆ ಆ ದಾರಿ ಈಗಲೂ ತೆರೆದಿರುತ್ತದೆ. ಗ್ಯಾಸಿನವನು ಸಿಲಿಂಡರ್ ಉರುಳಿಸಿಕೊಂಡು ಅಲ್ಲಿಂದಲೇ ಬರುತ್ತಾನೆ. ನಾನು ಶಾಲೆಗೆ ಅಲ್ಲಿಂದಲೇ ಹೋಗುತ್ತೇನೆ. ತರಕಾರಿ ಬಂಡಿ ಮಾತ್ರ ಮತ್ತೆ ಬರಲಿಲ್ಲ. ತಾರಸಿಯ ಮೇಲೆ ಬಟ್ಟೆ ಒಣಹಾಕಲು ಇವತ್ತಿಗೂ ಬಿಡುವುದಿಲ್ಲ. ನಾಯಿಯ ವ್ಯಾನು ಈಗ ಒಂದೊಂದು ದಿನ ಒಂದೊಂದು ಹೊತ್ತಿಗೆ ಬರುತ್ತದೆ, ಕುರ್ಚಿಗಳು ಹೊರಗೇ ಇರುತ್ತವೆ. ಅಪ್ಪನಿಗೂ ಹೊತ್ತು ಗೊತ್ತಾಗದ ಹಾಗೆ ಮಾಡಿದ್ದಾರೆ. ಅದಕ್ಕೆ ಅವನಿಗೆ ಭಾರಿ ಖುಷಿ. "ಈಗ ಕೆಲಸ ಕಲ್ತಾರ ನೋಡು," ಎನ್ನುತ್ತಾನೆ.

ಗದ್ವಾಲದವನಿಗೆ ಬೇರೆ ಕಡೆ ಪೋಸ್ಟಿಂಗ್ ಆಯಿತು. ಹೋಗುವ ದಿನ ಮೇಲೆ ಬಂದು ಅಪ್ಪನ ಕಾಲು ಮುಟ್ಟಿದ. "ತಾತಾ, ಆವತ್ತು ನೀವು ಮಾತು ಹೇಳಿಕೊಡ್ಲಿಲ್ಲಾಂದ್ರೆ ನಾನು ಹಂಗೇ ನಿಂತಿರ್ತಿದ್ದೆ," ಎಂದ. ಅಪ್ಪ ಅವನ ಬೆನ್ನು ತಟ್ಟಿ, ಊಟ ಮಾಡಿ ಹೋಗು ಎಂದು ಕೂರಿಸಿದ. ಅವತ್ತು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದೆ.

ಖಾಲಾ ಎರಡು ತಿಂಗಳಿಗೆ ಎದ್ದು ಓಡಾಡತೊಡಗಿದರು. ಎಡಗೈ ಇನ್ನೂ ಸ್ವಲ್ಪ ಮರಗಟ್ಟಿದ ಹಾಗಿದೆ, ಮಾತು ನಿಧಾನ. ಆದರೆ ಅಪ್ಪನ ಮೇಲೆ ಅವರದೊಂದು ದೂರಿದೆ, ಅದನ್ನು ಸಿಕ್ಕವರಿಗೆಲ್ಲ ಹೇಳುತ್ತಾರೆ. ಮೊನ್ನೆ ಮೆಟ್ಟಿಲಲ್ಲಿ ನನ್ನನ್ನೂ ನಿಲ್ಲಿಸಿ ಹೇಳಿದರು. ಅಷ್ಟು ಜನ ಪೊಲೀಸರ ಎದುರಿಗೆ, ತಲೆ ಬಾಚಿರಲಿಲ್ಲ, ದುಪಟ್ಟಾ ಇರಲಿಲ್ಲ, ಮನೆಯಲ್ಲಿ ಉಡುವ ಹಳೆಯ ಬಟ್ಟೆಯಲ್ಲೇ ಕುರ್ಚಿಗೆ ಕಟ್ಟಿ ಮೆರವಣಿಗೆ ಮಾಡಿಸಿದರಂತೆ ನನ್ನ ಅಪ್ಪ. "ಪೂಛೋ ಉನ್‌ಸೆ, ದುಪಟ್ಟಾ ನಕ್ಕೋ ಬೋಲ್‌ಕೆ ಕೌನ್ ಬೋಲಾ?" ದುಪಟ್ಟಾ ಬೇಡವೆಂದು ಹೇಳಿದವರು ಯಾರು, ಅವರನ್ನೇ ಕೇಳು ಎಂದು ಜೋರು ಮಾಡಿದರು. ಹಿಂದೆಯೇ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಅಪ್ಪ ಅದನ್ನು ಕೇಳಿಸಿಕೊಂಡು, ಗೇಟಿನಲ್ಲಿ ಯಾರು ಬೈದರೂ ಬಗ್ಗದಿದ್ದವನು, ತಲೆ ತಗ್ಗಿಸಿ, "ತಪ್ಪಾತ್ರಿ ಖಾಲಾ, ಮಾಫ್ ಕರೋ," ಎಂದ.